ಮೃದಂಗದ ಮನೆಗೆ ಬಂದ ಸ್ಯಾಕ್ಸೊಫೋನು

ಕೇರಳ ರಾಜ್ಯ ಶಾಲಾ ಕಲೋತ್ಸವದ ಸ್ಪರ್ಧೆಗಳ ಪಟ್ಟಿಯಲ್ಲಿ ಯಕ್ಷಗಾನವಿದೆ, ಕನ್ನಡ ಪದ್ಯ ಕಂಠಪಾಠವಿದೆ, ಕನ್ನಡ ಭಾಷಣವಿದೆ ಎಂಬುದು ನಮ್ಮ ಓದುಗರಿಗೆಲ್ಲ ಗೊತ್ತು. ಅದೇ ಪಟ್ಟಿಯ ಹೈಯರ್ ಸೆಕೆಂಡರಿ ವಿಭಾಗದಲ್ಲಿ, ಪಾಶ್ಚಾತ್ಯ ವಾದ್ಯಗಳ ಸಾಲಿನಲ್ಲಿ, ‘ಟ್ರಿಪಲ್–ಜಾಝ್’ ಎಂಬ ಸ್ಪರ್ಧೆಯೊಂದನ್ನು ಕಾಣಿಸಿದ್ದನ್ನು ಗಮನಿಸಿದವರು ಕಡಿಮೆ. ನಮ್ಮ ಮಕ್ಕಳ ಮಟ್ಟಿಗೆ ಜಾಝ್ ಎಂದರೆ ಡ್ರಮ್ಮಿನ ಸೆಟ್ಟು. ಅದರ ಹಿಂದೆ ಕುಳಿತು ಎರಡು ಕೋಲುಗಳಿಂದ ಬಾರಿಸುವ ಒಬ್ಬ ಹುಡುಗ. ಅವರನ್ನು ದೂರಿ ಪ್ರಯೋಜನವಿಲ್ಲ. ಕಳೆದ ಶತಮಾನದ ಆದಿಭಾಗದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಗುಲಾಮಗಿರಿಯ ನೆನಪು ಇನ್ನೂ ಆರದಿದ್ದ ಆಫ್ರಿಕಾ ಮೂಲದ ಜನರು ಬೆಳೆಸಿ ಲೋಕಕ್ಕೆ ಕೊಟ್ಟ ಒಂದು ಸಂಗೀತಪದ್ಧತಿ ಅದು ಎಂಬುದನ್ನು ಅವರಿಗೆ ಹೇಳಿದವರು ಯಾರು? ಇನ್ನು, ಆ ಸಂಗೀತದ ಚರಿತ್ರೆಯಲ್ಲಿ ಬೆಂಗಳೂರಿನ ಒಂದು ಮೃದಂಗ ಶಾಲೆಗೆ ಸಂದ ಸ್ಥಾನವಿದೆ ಎಂದರೆ ಮಕ್ಕಳಿರಲಿ, ಅವರ ಹಿರಿಯರೂ ನಂಬಲಿಕ್ಕಿಲ್ಲ.

ಆ ಶಾಲೆಯ ಹೆಸರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಅದರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ. ಕೇವಲ ಸಂಗೀತದ ಅಭಿರುಚಿಗಾಗಿ ಅಲ್ಲ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳುವ ನಮ್ಮೊಡನೆ ಮಕ್ಕಳ ತಂದೆತಾಯಂದಿರು ವರ್ಷವರ್ಷವೂ ಕೇಳುವ ಒಂದು ಪ್ರಶ್ನೆಯುಂಟು: “ಮಾಷ್ಟ್ರೇ, ಇದನ್ನು ಕಲಿತು ನಮ್ಮ ಮಗು ಹೊಳೆ ದಾಟೀತೋ?” ಹೊಳೆಯೆಂದರೆ ಚಂದ್ರಗಿರಿ ಹೊಳೆ, ಅದರಾಚೆಯ ಕೇರಳ, ಅದರಾಚೆಯ ಲೋಕ. ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಕ್ಕಳ ಅನ್ನದ ಚಿಂತೆ ತಂದೆತಾಯಂದಿರಿಗಲ್ಲದೆ ಇನ್ನಾರಿಗೆ? ಆದರೆ ಆ ಪ್ರಶ್ನೆಯ ಹಿಂದೆ ಅಡಗಿರುವ ಒಂದು ಎಣಿಕೆ ಇದೆ. ತನ್ನದನ್ನು ಹೆಚ್ಚು ಕಲಿತಷ್ಟೂ ಇತರರೊಡನೆ ಕೂಡುವ ಶಕ್ತಿ ಕಡಿಮೆಯಾಗುತ್ತದೆ, ಕೂಡಬೇಕಾದರೆ ತನ್ನದನ್ನು ಅಷ್ಟಿಷ್ಟು ಇಳಿಸಬೇಕು ಎಂಬ ಎಣಿಕೆ. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಬರಿಯ ಅಭಿಪ್ರಾಯಕ್ಕೆ ಬೆಲೆ ಕಡಿಮೆಯಾದ್ದರಿಂದ ದೃಷ್ಟಾಂತವನ್ನು ಮುಂದಿಡುತ್ತಿದ್ದೇವೆ.

1964ರಲ್ಲಿ ಬೆಂಗಳೂರಿನಲ್ಲಿ ಈ ಸಂಸ್ಥೆ ಹುಟ್ಟಿತು. ಇದನ್ನು ನಡೆಸಿದವರು ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ ಮತ್ತು ಅವರ ಪತ್ನಿ, ಗಾಯಕಿ ಆರ್. ಎ. ರಮಾಮಣಿ. ಹೆಸರು ಇಂಗ್ಲಿಷಿನದಾದರೂ ಕಲಿಸುತ್ತಿದ್ದುದು ನಮ್ಮ ಹಳೆಯ ವಿದ್ಯೆಯನ್ನೇ: ಮೃದಂಗ, ಘಟ, ಖಂಜಿರ, ಮೋರ್ಸಿಂಗು, ಜೊತೆಗೆ ಹಾಡುಗಾರಿಕೆ. ಕರ್ನಾಟಕ ಎಂಬ ಹೆಸರನ್ನು ಕಂಡ ಕೂಡಲೇ ನಮ್ಮಲ್ಲಿ ಕೆಲವರ ಎದೆ ಉಬ್ಬುವುದು ಸಹಜ. ಆದರೆ 1964ರಲ್ಲಿ ರಾಜ್ಯದ ಹೆಸರು ಇನ್ನೂ ಮೈಸೂರು. ಅದು ಕರ್ನಾಟಕವಾದದ್ದು 1973ರ ನವೆಂಬರಿನಲ್ಲಿ. ದಕ್ಷಿಣದ ಸಂಗೀತಕ್ಕೋ ಕರ್ನಾಟಕವೆಂಬ ಹೆಸರು ಬಹುಕಾಲದಿಂದ ಇದ್ದದ್ದೇ. ಆದ್ದರಿಂದ ಆ ಫಲಕವನ್ನು ರಾಜ್ಯದ ಹೆಸರೆಂದು ಓದುವುದಕ್ಕಿಂತ ಸಂಗೀತದ ಹೆಸರೆಂದು ಓದುವುದೇ ಯುಕ್ತವೆಂದು ತೋರುತ್ತದೆ. ಇದು ಕನ್ನಡಿಗರ ವಿಜಯವೆಂದು ಜಂಬ ಕೊಚ್ಚುವುದಕ್ಕೆ ನಾವು ಲೇಖನಿ ಹಿಡಿದಿಲ್ಲ. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಸುವ ಊರು ಬೆಂಗಳೂರು. ನಮ್ಮ ಕಾಸರಗೋಡಿನ ಪೇಟೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಕೇಳಿಸುವಂತೆಯೇ. ಅಂತಹ ಊರಿನಲ್ಲಿ ಹುಟ್ಟಿದ ಸಂಸ್ಥೆ ಅದು ಎಂಬಷ್ಟು ನೆನಪಿದ್ದರೆ ಸಾಕು.

ಮೊದಲ ಹದಿನೈದು ವರ್ಷ ಇಂತಹ ಒಂದು ಸಂಗೀತಶಾಲೆಯ ಬದುಕು ಹೇಗಿರುತ್ತದೆಂಬುದನ್ನು ಊಹಿಸಬಹುದು: ಬೆಳಗ್ಗೆ ಸಂಜೆ ಪಾಠ, ರಾಮನವಮಿ ಬಂದರೆ ಕಚೇರಿ. ಅದಕ್ಕೆ ಹೊರಗಿನ ಗಾಳಿ ಬೀಸಿದ್ದು ವಿಚಿತ್ರವಾದ ಒಂದು ದಾರಿಯಿಂದ.

ಜರ್ಮನಿಯ ಮ್ಯೂನಿಚ್ ನಗರದಲ್ಲಿ 1969ರಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ ಎಂಬಾತ ‘ಎಂಬ್ರಿಯೊ’ ಎಂಬ ವಾದ್ಯವೃಂದವನ್ನು ಕಟ್ಟಿದ್ದ. ರಾಕ್ ಮತ್ತು ಜಾಝ್ ಸಂಗೀತಗಳನ್ನು ಬೆರೆಸಿ ನುಡಿಸುತ್ತಿದ್ದ ಈ ತಂಡದವರು 1978ರಲ್ಲಿ ವಾದ್ಯಗಳನ್ನೂ ಹೆಂಡಿರು ಮಕ್ಕಳನ್ನೂ ಬಸ್ಸಿನಲ್ಲಿ ತುಂಬಿಕೊಂಡು ನೆಲದ ಹಾದಿಯಿಂದಲೇ ಭಾರತಕ್ಕೆ ಹೊರಟರು. ತುರ್ಕಿ, ಇರಾನ್, ಅಫಘಾನಿಸ್ತಾನ, ಪಾಕಿಸ್ತಾನ. ಇರಾನಿನಲ್ಲಿ ಷಹನ ಸಿಂಹಾಸನ ಅಲುಗಾಡುತ್ತಿದ್ದ ಕಾಲ. ಅಫಘಾನಿಸ್ತಾನದಲ್ಲಿ ಆಗಷ್ಟೇ ಸರಕಾರ ಉರುಳಿ ಹೊಸದು ಬಂದಿದ್ದ ಕಾಲ. ಇಂದು ಅಂತಹ ಪ್ರಯಾಣವನ್ನು ಯೋಚಿಸುವುದೂ ಕಷ್ಟ. ಹೋದಹೋದಲ್ಲಿ ಅಲ್ಲಲ್ಲಿಯ ಸಂಗೀತಗಾರರೊಡನೆ ಕುಳಿತು ನುಡಿಸಿದ ಈ ಪಯಣದ ಬಗ್ಗೆ ‘ವಾಗಬುಂಡೆನ್ ಕರವಾನೆ’ ಎಂಬ ಚಲನಚಿತ್ರವೂ ತಯಾರಾಯಿತು. ಕೊನೆಗೆ 1979ರಲ್ಲಿ ಈ ತಂಡ ಬೆಂಗಳೂರಿನವರೊಡನೆ ಕೂಡಿತು. ಕೂಡಿದ್ದು ಒಂದೆರಡು ದಿನದ ಮಟ್ಟಿಗಲ್ಲ. ಎಂಬ್ರಿಯೊ ಮತ್ತು ಬೆಂಗಳೂರಿನ ತಂಡ ಸೇರಿ ನುಡಿಸಿದ ‘ಲೈಫ್’ ಎಂಬ ಧ್ವನಿಮುದ್ರಿಕೆ ಮರುವರ್ಷ ಹೊರಬಂತು. ಎಂಬ್ರಿಯೊದಿಂದ ಸಿಡಿದು ಹೋದ ಕೆಲವರು ‘ಡಿಸಿಡೆಂಟೆನ್’ ಎಂಬ ಬೇರೆ ತಂಡವನ್ನು ಕಟ್ಟಿದಾಗ ಅವರ ಮೊದಲ ಮುದ್ರಿಕೆ ‘ಜರ್ಮನಿಸ್ತಾನ್’ನಲ್ಲಿಯೂ (1982) ಜೊತೆಗಿದ್ದವರು ಇದೇ ಬೆಂಗಳೂರಿನವರು. ದಾಯಾದಿಗಳಾಗಿ ಪಾಲಾದವರು ಇಬ್ಬರೂ ಒಂದೇ ಪುರೋಹಿತರನ್ನು ಕರೆದ ಹಾಗೆ!

ಈ ಬಳಗದಲ್ಲಿ ಬಂದು ಸೇರಿದವನು ಚಾರ್ಲಿ ಮರಿಯಾನೊ. ನಮ್ಮ ಕಥೆಯ ತಿರುಳು ಇರುವುದು ಇವನಲ್ಲಿ. 1923ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ, ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ ಹುಟ್ಟಿದವನು, ಸ್ಯಾಕ್ಸೊಫೋನು ವಾದಕ. ಸ್ಟಾನ್ ಕೆಂಟನ್ನನ ಪ್ರಸಿದ್ಧ ವಾದ್ಯಮೇಳದಲ್ಲಿ ನುಡಿಸಿದವನು. ಜಾಝ್ ಪ್ರಪಂಚದ ಘಟಾನುಘಟಿ ಚಾರ್ಲ್ಸ್ ಮಿಂಗಸ್ಸನ 1963ರ ಪ್ರಖ್ಯಾತ ಮುದ್ರಿಕೆಯಲ್ಲಿ ಇವನ ಸ್ಯಾಕ್ಸೊಫೋನಿನ ಅಳಲು ಇಂದಿಗೂ ಕೇಳಿಬರುತ್ತದೆ. ಬಾಸ್ಟನ್ನಿನ ಬರ್ಕ್ಲೀ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದವನು. ಅಂದರೆ ತನ್ನ ವಿದ್ಯೆಯಲ್ಲಿ ಪೂರ್ತಿ ಬೆಳೆದವನು, ಹೊಸದಾಗಿ ಏನನ್ನೂ ಕಲಿಯಬೇಕಾದ ಹಂಗಿಲ್ಲದವನು.

1960ರ ದಶಕದ ಮಧ್ಯದಲ್ಲಿ ಅವನು ಮಲೇಶಿಯಾಕ್ಕೆ ಹೋದ. ಅಲ್ಲಿಯ ರೇಡಿಯೋ ವಾದ್ಯವೃಂದದವರಿಗೆ ಪಾಠ ಹೇಳುವುದಕ್ಕೆ. ಅಲ್ಲಿರುವ ದಕ್ಷಿಣ ಭಾರತೀಯರ ನಡುವೆ ಅವನ ಕಿವಿಗೆ ನಾಗಸ್ವರ ಬಿತ್ತು. ದೇವಸ್ಥಾನದ ಹೊರಾಂಗಣದಲ್ಲಿ ನಾವು ದಿನಾ ಕೇಳಿ ಕೇಳಿ ಕಿವಿ ಕೊಡದಿರುವ ಆ ನಾಗಸ್ವರ! ಪಾಠ ಹೇಳಲು ಹೋದವನು ಪಾಠ ಕೇಳುವವನಾದ. ಮುಂದೆ ದಕ್ಷಿಣ ಭಾರತಕ್ಕೇ ಬಂದು ನಿಂತು ನಾಗಸ್ವರವನ್ನು ಗುರುಮುಖೇನ ಅಭ್ಯಾಸ ಮಾಡಿದ. ಆಗ ಅವನಿಗೆ ಐವತ್ತರ ಹತ್ತಿರದ ವಯಸ್ಸು. ನಿವೃತ್ತಿಗೆ ಇನ್ನೆಷ್ಟು ವರ್ಷ ಎಂದು ನಮ್ಮವರು ಲೆಕ್ಕ ಹಾಕತೊಡಗುವ ಪ್ರಾಯ ಅದು. ಇವನು ಬೆಂಗಳೂರಿನ ಮೃದಂಗದ ಮನೆಗೆ ಬಂದದ್ದು ಹೀಗೆ ಸಿದ್ಧನಾಗಿ.

1983ರಲ್ಲಿ ಮ್ಯೂನಿಚ್ಚಿನ ಇಸಿಎಂ ಎಂಬ ಸಂಸ್ಥೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಯಾರಿಸಿತು. ನಿರ್ಮಾಪಕ ಮಾನ್‌ಫ್ರೆಡ್ ಐಕರ್. ಜಾಝ್ ಲೋಕದಲ್ಲಿ ಈ ಸಂಸ್ಥೆಯ ಮುದ್ರೆ ಬಿತ್ತೆಂದರೆ ಅದೊಂದು ಗೌರವ. ಅದರಲ್ಲಿ ನುಡಿಸಿದವರು ಐವರೇ: ಸ್ಯಾಕ್ಸೊಫೋನು ಮತ್ತು ಕೊಳಲಿಗೆ ಮರಿಯಾನೊ, ಗಾಯನಕ್ಕೆ ಮತ್ತು ತಂಬೂರಿಗೆ ರಮಾಮಣಿ, ಮೃದಂಗಕ್ಕೆ ಮಣಿ, ಘಟ ಮತ್ತು ಮೋರ್ಸಿಂಗಿಗೆ ಆರ್. ಎ. ರಾಜಗೋಪಾಲ್, ಖಂಜಿರಕ್ಕೆ ಟಿ. ಎನ್. ಶಶಿಕುಮಾರ್. ಈ ಪಟ್ಟಿಯನ್ನು ವಾಚಕರು ಇನ್ನೊಮ್ಮೆ ನೋಡಬೇಕು. ಇದರಲ್ಲಿ ಪಿಯಾನೊ ಇಲ್ಲ. ಗಿಟಾರು ಇಲ್ಲ. ಜಾಝ್ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವ ಡ್ರಮ್ಮಿನ ಸೆಟ್ಟಂತೂ ಇಲ್ಲವೇ ಇಲ್ಲ. ಅತ್ತ ಕಡೆಯಿಂದ ಬಂದವನು ಒಬ್ಬನೇ ಒಬ್ಬ. ಉಳಿದದ್ದೆಲ್ಲ ಇತ್ತಲಿನ ಕಚೇರಿಯ ವೇದಿಕೆಯೇ. ಮುದ್ರಿಕೆಯ ಮೇಲೆ ಮೊದಲ ಹೆಸರು ಮರಿಯಾನೊನದು. ಆದರೆ ಅದು ಆರಂಭವಾಗುವುದು ರಮಾಮಣಿಯವರ ಒಂಟಿ ದನಿಯಿಂದ. ಮುಂದೆ ಬರುವ ಭಾಗಗಳ ಹೆಸರುಗಳೂ ವಂದನಂ, ವರ್ಷಿಣಿ, ಸಪ್ತರ್ಷಿ ಎಂದು ಮುಂತಾಗಿ. ಇಸಿಎಂನವರು 2017ರಲ್ಲಿ ತಮ್ಮ ಭಂಡಾರವನ್ನು ಅಂತರ್ಜಾಲದ ಕೇಳುಗರಿಗೂ ತೆರೆದಿಟ್ಟರು. ಮಕ್ಕಳ ಕೈಯಲ್ಲಿರುವ ಮೊಬೈಲನ್ನು ಒಂದು ಸಂಜೆ ತೆಗೆದುಕೊಂಡು ಹುಡುಕಿ ನೋಡುವುದು ಹಿರಿಯರಿಗೂ ಒಳ್ಳೆಯ ಕೆಲಸವಾದೀತು.

ಸಾಮಾನ್ಯವಾಗಿ ಮಿಶ್ರ ಸಂಗೀತವೆಂದು ನಾವು ಕೇಳುವುದರಲ್ಲಿ ಊಟ ಪೂರ್ತಿ ಅವರದು. ನಮ್ಮದು ಎಲೆಯ ಕೊನೆಗೆ ಬಡಿಸಿದ ಉಪ್ಪಿನಕಾಯಿ. ತಬಲೆಯ ಎರಡು ಪೆಟ್ಟು, ಸಿತಾರಿನ ಒಂದೆಳೆ, ಅಷ್ಟಕ್ಕೆ ಭಾರತೀಯವೆಂಬ ಹೆಸರು. ‘ಜ್ಯೋತಿ’ಯಲ್ಲಿ ಹಾಗಲ್ಲ. ಬಂದ ನೆಂಟನೇ ನೆಲದ ಮೇಲೆ ಎಲೆಯ ಮುಂದೆ ಕುಳಿತಿದ್ದಾನೆ. ಹಾಗೆಂದು ಅವನು ತನ್ನ ಭಾಷೆಯನ್ನು ಮರೆತು ನಮ್ಮವರ ಅಣಕವಾಡುತ್ತಿಲ್ಲ. ಅವನ ಸ್ಯಾಕ್ಸೊಫೋನಿನಲ್ಲಿ ಬಾಸ್ಟನ್ನೂ ಇದೆ, ಮಿಂಗಸ್ಸನೂ ಇದ್ದಾನೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಎರಡೂ ಪದ್ಧತಿಗಳ ಒಳಕಟ್ಟನ್ನು ತುಸು ನೋಡಬೇಕು.

ಜಾಝ್ ವಾದಕ ಒಂದು ಹಾಡಿನ ಚೌಕಟ್ಟನ್ನು ಇಟ್ಟುಕೊಂಡು ಅದರ ಮೇಲೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುತ್ತಾನೆ. ನಮ್ಮ ಭಾಗವತರು ಪ್ರಸಂಗದ ಪದವನ್ನು ರಂಗದ ಸಂದರ್ಭ ನೋಡಿ ಹಿಗ್ಗಿಸುವ, ಕುಗ್ಗಿಸುವ ಹಾಗೆ. ಮನೋಧರ್ಮವೆಂದು ಕರ್ನಾಟಕ ಸಂಗೀತದವರು ಕರೆಯುವುದು ಇದನ್ನೇ. ಇಷ್ಟರವರೆಗೆ ಎರಡೂ ಒಂದು. ಮುಂದೆ ದಾರಿ ಕವಲೊಡೆಯುತ್ತದೆ. ಜಾಝ್ ವಾದಕನ ಕಾಲ ಕೆಳಗೆ ಸ್ವರಗುಚ್ಛಗಳು ಬದಲಾಗುತ್ತಲೇ ಇರುತ್ತವೆ. ಹರಿಯುವ ದೋಣಿಯಲ್ಲಿ ನಿಂತು ಕುಣಿಯುವವನಂತೆ ಅವನು. ನಮ್ಮವನಿಗೆ ಶ್ರುತಿ ಒಂದೇ, ಅದು ಕದಲದ ನೆಲ. ಅದರ ಬದಲು ಸ್ವರವನ್ನೇ ಬಳುಕಿಸಬೇಕು, ಗಮಕ ಕೊಡಬೇಕು, ಮತ್ತು ತಾಳದ ಕಠಿಣ ಲೆಕ್ಕಕ್ಕೆ ಸರಿಯಾಗಿ ಬಂದು ನಿಲ್ಲಬೇಕು. ಸ್ಯಾಕ್ಸೊಫೋನಿನ ಕೀಲಿಗಳೋ ಪಾಶ್ಚಾತ್ಯ ಸ್ವರಸ್ಥಾನಗಳಿಗೆಂದೇ ಕೂಡಿಸಿದವು. ಅವುಗಳ ನಡುವಿನ ಸಂದಿಯಲ್ಲಿ ಜಾರಬೇಕಾದರೆ ತುಟಿಯನ್ನೂ ಉಸಿರನ್ನೂ ಪಳಗಿಸಬೇಕು. ಮರಿಯಾನೊನಿಗೆ ಅದನ್ನು ಕಲಿಸಿದ್ದು ನಾಗಸ್ವರ. ಇನ್ನು ತಾಳದ ಲೆಕ್ಕದ ವಿಷಯ.

ಬೆಂಗಳೂರಿನವರು ಯುರೋಪಿನವರನ್ನು ಹೆಚ್ಚು ಬೆರಗುಗೊಳಿಸಿದ್ದು ಬಾಯಿಯಿಂದ. ಮೃದಂಗದ ಪಾಟಾಕ್ಷರಗಳನ್ನು ಬಾಯಲ್ಲಿ ನುಡಿಯುವ ಕಲೆಗೆ ಕೊನ್ನಕ್ಕೋಲ್ ಎಂದು ಹೆಸರು. ‘ತಕಿಟ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು, ‘ತಕತಕಿಟ’ ಐದು, ‘ತಕಿಟತಕಧಿಮಿ’ ಏಳು. ಅಂಕೆಗಳನ್ನು ಎಣಿಸದೆ ಅಂಕೆಗಳಲ್ಲಿ ಮಾತಾಡುವ ಭಾಷೆ ಇದು. ಯಕ್ಷಗಾನದ ಹಿಮ್ಮೇಳ ಕಲಿಯುವವರು ಇದಕ್ಕೆ ಬಾಯಿತಾಳ ಎನ್ನುತ್ತಾರೆ. ಕೇರಳದ ಚೆಂಡೆಯವರು ವಾಯ್ತಾರಿ ಎನ್ನುತ್ತಾರೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದು ಹೊಸದಾಗಿ ತಂದು ಬಿತ್ತಬೇಕಾದ ಬೀಜವಲ್ಲ.

ಒಂದು ಲೆಕ್ಕವನ್ನು ಕೊಡುತ್ತೇವೆ; ಮೇಷ್ಟರ ಚಟವೆಂದು ವಾಚಕರು ಮನ್ನಿಸಬೇಕು. ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆ. ಎಣಿಕೆಯೊಂದಕ್ಕೆ ನಾಲ್ಕು ಅಕ್ಷರದಂತೆ 32 ಅಕ್ಷರ. ಒಂದು ಸೊಲ್ಲನ್ನು ಮೂರು ಸಲ ನುಡಿಸಿ, ನಡುವೆ ಎರಡು ಸಮಾನ ತೆರಪು ಬಿಟ್ಟು, ಸರಿಯಾಗಿ ಮುಂದಿನ ಆವರ್ತದ ತಲೆಗೆ ಬಂದು ಇಳಿಯಬೇಕು. ಸೊಲ್ಲು ಹತ್ತು ಅಕ್ಷರದ್ದಾದರೆ ತೆರಪು ಎಷ್ಟು? ಮೂರು ಹತ್ತು ಮೂವತ್ತು, ಉಳಿದದ್ದು ಎರಡು, ಆದ್ದರಿಂದ ತೆರಪು ಒಂದೊಂದು. ಸೊಲ್ಲು ಎಂಟಾದರೆ ತೆರಪು ನಾಲ್ಕು. ಆರಾದರೆ ಏಳು. ಒಂಬತ್ತಾದರೆ? ಮೂರೊಂಬತ್ತಲಿ ಇಪ್ಪತ್ತೇಳು, ಉಳಿದ ಐದನ್ನು ಎರಡು ಸಮಭಾಗ ಮಾಡಿದರೆ ಎರಡೂವರೆ. ಅರ್ಧ ಅಕ್ಷರದ ತೆರಪು! ಅದನ್ನೂ ಸಾಧಿಸುವ ಘಟವಾದಕರಿದ್ದಾರೆ. ಒಂಬತ್ತನೆಯ ತರಗತಿಯ ಬೀಜಗಣಿತದ ಪುಸ್ತಕದಲ್ಲಿ ಎರಡು ಅಜ್ಞಾತಗಳ ಸಮೀಕರಣವನ್ನು ಕಂಡು ಕಣ್ಣು ಕಣ್ಣು ಬಿಡುವ ಹುಡುಗ, ಇದನ್ನು ಅಂಗೈಯಲ್ಲಿ ತಾಳ ಹಾಕಿಕೊಂಡು ಹತ್ತು ನಿಮಿಷದಲ್ಲಿ ಬಿಡಿಸುವುದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ಜಾಝ್ ವಾದಕರು ಬಳಸುವ ಹಾಡುಗಳ ಒಂದು ಪ್ರಚಲಿತ ಅಳತೆಯೂ ಎಂಟೆಂಟರ ನಾಲ್ಕು ಕಟ್ಟು, ಒಟ್ಟು 32 ಪಟ್ಟಿಗಳು. ಎರಡೂ ಒಂದೇ ಎಂದು ಹೇಳುತ್ತಿಲ್ಲ, ಅಕ್ಷರವೇ ಬೇರೆ, ಪಟ್ಟಿಯೇ ಬೇರೆ. ಆದರೆ ಸುತ್ತಿ ಬಂದು ತಲೆಗೆ ಇಳಿಯುವ ಸುಖವನ್ನು ಬಲ್ಲವನಿಗೆ ಇನ್ನೊಬ್ಬನ ಸುಖ ಅರ್ಥವಾಗುವುದಕ್ಕೆ ದುಭಾಷಿ ಬೇಡ.

ಮದರಾಸಿನ ರಮೇಶ್ ಶೋತಮ್ ಅವರ ಉದಾಹರಣೆಯನ್ನೂ ಇಲ್ಲಿ ಹೇಳಬಹುದು. ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಇವರು ಬೆಂಗಳೂರಿನ ಈ ಕಾಲೇಜಿನಲ್ಲಿ ತವಿಲ್ ಕಲಿತು ಆ ಮೇಲೆ ಜರ್ಮನಿಯಲ್ಲಿ ನೆಲೆಸಿದರು. ಅಲ್ಲಿಯ ಜಾಝ್ ತಂಡಗಳು ಇವರನ್ನು ಕರೆದದ್ದು ಡ್ರಮ್ಮಿಗಾಗಿ ಅಲ್ಲ. ಡ್ರಮ್ ಬಾರಿಸುವವರು ಜರ್ಮನಿಯಲ್ಲಿ ಬೇಕಷ್ಟಿದ್ದಾರೆ. ತವಿಲಿನ, ಘಟದ, ಕೊನ್ನಕ್ಕೋಲಿನ ಜ್ಞಾನಕ್ಕಾಗಿ ಕರೆದರು.

ಇದಕ್ಕೆಲ್ಲ ಆಕ್ಷೇಪವಿಲ್ಲದೆ ಇಲ್ಲ. ಸಂಪ್ರದಾಯಸ್ಥರು ಇಂತಹ ಕೂಟವನ್ನು ಮೈಲಿಗೆಯೆಂದು ಕಾಣುತ್ತಾರೆ. ತ್ಯಾಗರಾಜರ ವಿದ್ಯೆಯನ್ನು ಹೋಟೆಲಿನ ಬಾಜಾಬಜಂತ್ರಿಗೆ ಕಟ್ಟಿದರು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ತಳ್ಳಿಹಾಕುವುದಿಲ್ಲ. ಕೂಡಿಸಿ ಕೆಡಿಸಿದ ಸಂಗೀತ ನಮ್ಮ ಸುತ್ತ ಬೇಕಾದಷ್ಟಿದೆ. ಮದುವೆ ಚಪ್ಪರಗಳಲ್ಲಿ ಕಿವಿ ಮುಚ್ಚಿಕೊಂಡು ಊಟ ಮಾಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ‘ಜ್ಯೋತಿ’ಯಲ್ಲೂ ಎಲ್ಲ ಕಡೆ ಹದ ಒಂದೇ ಎನ್ನಲಾಗದು. ಇವರ ಸರದಿ ಮುಗಿಯಿತು, ಇನ್ನು ಅವರ ಸರದಿ ಎಂಬಂತೆ ಪಾಲು ಹಂಚಿಕೊಂಡು ನುಡಿಸಿದ ಕಡೆಗಳಲ್ಲಿ ನಮಗೆ ಅಷ್ಟು ರುಚಿಸಿಲ್ಲ. ರಮಾಮಣಿಯವರ ದನಿಯೂ ಸ್ಯಾಕ್ಸೊಫೋನೂ ಒಂದೇ ಸಾಲನ್ನು ಹಿಡಿದು ಜೊತೆಯಾಗಿ ಸಾಗುವ ಕಡೆಗಳಲ್ಲಿ ಮಾತ್ರ, ಯಾವುದು ಉಸಿರು ಯಾವುದು ಪಿತ್ತಳೆ ಎಂದು ಹೇಳಲಾಗದಂತೆ, ಇಬ್ಬರೂ ಒಂದೇ ಮನೆಯವರು. ಇದೇ ಕಾಲದ, ಇದಕ್ಕಿಂತ ಎಷ್ಟೋ ಪಾಲು ಪ್ರಸಿದ್ಧವಾದ ‘ಶಕ್ತಿ’ ತಂಡವನ್ನೂ ನೆನೆಯಬೇಕು. ಜಾನ್ ಮೆಕ್ಲಾಲಿನ್ನನ ಗಿಟಾರು, ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನರ ತಬಲೆ, ವಿಕ್ಕು ವಿನಾಯಕರಾಮ್ ಅವರ ಘಟ ಸೇರಿದ ಈ ತಂಡ 1970ರ ದಶಕದ ಮಧ್ಯದಲ್ಲಿ ಲೋಕವನ್ನೇ ಸುತ್ತಿತು. ಅದರ ಹೊಸ ಅವತಾರಕ್ಕೆ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆ ವರ್ಷದ ಕೊನೆಗೆ ಜಾಕಿರ್ ಹುಸೇನರು ತೀರಿಕೊಂಡಾಗ ನಮ್ಮ ಕನ್ನಡ ಪತ್ರಿಕೆಗಳೂ ಪುಟಗಟ್ಟಲೆ ಬರೆದವು, ಬರೆಯಬೇಕಾದ್ದೇ. ಬೆಂಗಳೂರಿನ ಮಣಿಯವರು 2020ರಲ್ಲಿ ನಿಧನರಾದಾಗ ಈ ಗಡಿನಾಡಿನ ಎಷ್ಟು ಮನೆಗಳಲ್ಲಿ ಅವರ ಹೆಸರು ಕೇಳಿಬಂದೀತು? ಮರಿಯಾನೊ 2009ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ತೀರಿಹೋಗಿದ್ದ.

ಬೆಂಗಳೂರು ದೂರವಾಯಿತೆನ್ನುವವರಿಗೆ ಹತ್ತಿರದ ಊರಿನ ಕಥೆಯೊಂದುಂಟು. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ, ಅದರ ಬೆನ್ನು ಹತ್ತಿ, ಕದ್ರಿ ಗೋಪಾಲನಾಥರಾದದ್ದನ್ನು ನಾವು ಹೇಳಬೇಕಾಗಿಲ್ಲ. ಮರಿಯಾನೊ ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ ಬಂದರೆ ಇವರು ನಾಗಸ್ವರದಿಂದ ಸ್ಯಾಕ್ಸೊಫೋನಿಗೆ ಹೋದರು. ಇವರೂ ಜಾಝ್ ವಾದಕರೊಡನೆ ಕುಳಿತವರೇ. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಸ್ಯಾಕ್ಸೊಫೋನು ವಾದಕರು ಇಂದಿನ ಜಾಝ್ ಲೋಕದ ಮುಂಚೂಣಿಯಲ್ಲಿದ್ದಾರೆ. ಹೆಸರೇ ಹೇಳುವಂತೆ ಕರ್ನಾಟಕ ಮೂಲದ ಕುಟುಂಬ. ಬರ್ಕ್ಲೀಯಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ತಂದುಕೊಟ್ಟ ಕದ್ರಿಯವರ ಮುದ್ರಿಕೆ ಇವರ ಕೈಸೇರಿತು. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ಇವರಿಬ್ಬರೂ ಸೇರಿ ‘ದಕ್ಷಿಣ’ ಎಂಬ ತಂಡ ಕಟ್ಟಿದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಒಂದು ಕಡೆ; ಗಿಟಾರು, ಬಾಸ್, ಡ್ರಮ್ಮು ಇನ್ನೊಂದು ಕಡೆ. 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆ ಬಂತು. ಬಂಧುಗಳು ಎಂದು ಅದರ ಅರ್ಥ. ಕದ್ರಿಯವರು 2019ರಲ್ಲಿ ನಮ್ಮನ್ನಗಲಿದರು.

ಇದೇ ಮಹಾಂತಪ್ಪನವರು 2004ರಲ್ಲಿ ತಂದ ‘ಮದರ್ ಟಂಗ್’ ಎಂಬ ಮುದ್ರಿಕೆಯನ್ನು ನಮ್ಮ ಕನ್ನಡ ಸಂಘಗಳವರು ಕೇಳಲೇಬೇಕು. ಅಮೆರಿಕದಲ್ಲಿರುವ ಭಾರತೀಯರಿಗೆ ಅಲ್ಲಿಯ ಜನ ಹಾಕುವ ಒಂದು ಮಾಮೂಲಿ ಪ್ರಶ್ನೆ: ನೀವು ಇಂಡಿಯನ್ ಭಾಷೆ ಮಾತಾಡುತ್ತೀರಾ? ಇಂಡಿಯನ್ ಎಂಬ ಒಂದು ಭಾಷೆಯೇ ಇಲ್ಲವೆಂದು ಬೇರೆ ಬೇರೆ ಮಾತೃಭಾಷೆಯವರು ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಅವರು ಧ್ವನಿಮುದ್ರಿಸಿಕೊಂಡರು. ಆ ಮಾತುಗಳ ಏರಿಳಿತವನ್ನೇ ಸ್ವರಗಳಾಗಿ ಬರೆದುಕೊಂಡು ಅದರ ಮೇಲೆ ಜಾಝ್ ರಚನೆಗಳನ್ನು ಕಟ್ಟಿದರು. ಒಂದು ರಚನೆಯ ಹೆಸರು ‘ಕನ್ನಡ’. ಇನ್ನೊಂದರ ಹೆಸರು ‘ಮಲಯಾಳಂ’. ಕೊಂಕಣಿ, ತಮಿಳು, ತೆಲುಗು, ಗುಜರಾತಿ ಕೂಡ ಇವೆ. ನಮ್ಮ ಜಿಲ್ಲೆಯ ಒಂದು ಬಸ್‌ಸ್ಟೇಂಡಿನ ಸದ್ದನ್ನು ಯಾರೋ ನ್ಯೂಯಾರ್ಕಿನವರೆಗೆ ಹೊತ್ತುಕೊಂಡು ಹೋಗಿ ಒಪ್ಪವಾಗಿ ಜೋಡಿಸಿಟ್ಟಂತೆ.

ಮೊದಲು ಹೇಳಿದ ತಂದೆತಾಯಂದಿರ ಪ್ರಶ್ನೆಗೆ ಇದು ಉತ್ತರವಾಯಿತೇ? ಪೂರ್ತಿಯಾಗಿ ಅಲ್ಲ. ಸಂಗೀತದ ದೃಷ್ಟಾಂತದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಬೇಕು, ಇಂಗ್ಲಿಷನ್ನೂ ಕಲಿಯಬೇಕು. ಬೇಡವೆನ್ನುವ ಕನ್ನಡ ಮೇಷ್ಟರು ಮಕ್ಕಳಿಗೆ ಹಿತವನ್ನು ಬಯಸುವವರಲ್ಲ. ಮರಿಯಾನೊ ಐವತ್ತರ ಹತ್ತಿರದಲ್ಲಿ ನಾಗಸ್ವರ ಕಲಿತಂತೆ ಇನ್ನೊಬ್ಬರದನ್ನು ಶ್ರದ್ಧೆಯಿಂದ ಕಲಿಯುವುದೂ ಈ ಕಥೆಯ ಒಂದು ಭಾಗವೇ. ಆದರೆ ಅವನನ್ನು ಬೆಂಗಳೂರಿನ ಬಾಗಿಲವರೆಗೆ ತಂದದ್ದು ಏನು? ಮಣಿಯವರ ಕೈಯಲ್ಲಿ ಮೃದಂಗ ಪೂರ್ತಿಯಾಗಿತ್ತು. ಅರ್ಧ ಮೃದಂಗ, ಅರ್ಧ ಡ್ರಮ್ಮು ಆಗಿರಲಿಲ್ಲ. ಅರ್ಧವಿದ್ದಿದ್ದರೆ ಅಷ್ಟು ದೂರದಿಂದ ಬರಬೇಕಾದ ಅಗತ್ಯವೇ ಇರಲಿಲ್ಲ. ನಮ್ಮ ತರಗತಿಗಳಲ್ಲಿ ಈಗ ಹೆಚ್ಚಾಗುತ್ತಿರುವುದು ಈ ಅರ್ಧದ ಮಕ್ಕಳು. ಕನ್ನಡ ಅರ್ಧ, ಮಲಯಾಳ ಅರ್ಧ, ಇಂಗ್ಲಿಷು ಕಾಲು. ಹೊಳೆ ದಾಟಿಸುವ ಅವಸರದಲ್ಲಿ ದೋಣಿಯ ಹಲಗೆಯನ್ನೇ ಕಿತ್ತು ಹುಟ್ಟು ಮಾಡಿಕೊಂಡಂತಾಗಿದೆ.

ಯಕ್ಷಗಾನದ ವಿಷಯದಲ್ಲೂ ಇದೇ. ಕಲೋತ್ಸವ ಹತ್ತಿರ ಬಂದಾಗ ಒಂದು ತಿಂಗಳು ಹೊರಗಿನಿಂದ ಗುರುಗಳನ್ನು ಕರೆಸಿ, ಒಂದು ಪ್ರಸಂಗದ ಅರ್ಧ ಗಂಟೆಯ ತುಂಡನ್ನು ಕಂಠಪಾಠ ಮಾಡಿಸಿ, ‘ಎ’ ಗ್ರೇಡು ತಂದು, ಮರುದಿನ ಗೆಜ್ಜೆ ಬಿಚ್ಚಿ ಕಪಾಟಿಗೆ ಹಾಕುವುದು ರೂಢಿಯಾಗಿಬಿಟ್ಟಿದೆ. ಗ್ರೇಡು ಬೇಡವೆಂದಲ್ಲ, ಅದರಿಂದ ಮಕ್ಕಳಿಗೆ ಅಂಕದ ಪ್ರಯೋಜನವೂ ಇದೆ. ಆದರೆ ಆ ಮಗುವಿಗೆ ತಾನು ಕುಣಿದ ತಾಳ ಯಾವುದೆಂದು ಕೇಳಿದರೆ ಉತ್ತರ ಬರುವುದಿಲ್ಲ. ‘ತೈಕ್ಕುಡಂ ಬ್ರಿಡ್ಜ್’ ತಂಡದ ಹಾಡುಗಳು ಆ ಮಗುವಿನ ನಾಲಗೆಯ ತುದಿಯಲ್ಲಿವೆ, ರಘು ದೀಕ್ಷಿತರ ಹಾಡುಗಳೂ ಇವೆ, ಸಂತೋಷವೇ. ಅವನ್ನು ಕೇಳಿ ಆನಂದಪಡುವ ಮಗುವಿಗೆ ತಾನೂ ಒಂದನ್ನು ಕಟ್ಟಬೇಕೆಂಬ ಆಸೆ ಹುಟ್ಟಿದರೆ, ಕಟ್ಟುವುದಕ್ಕೆ ಕೈಯಲ್ಲಿ ಏನಿದೆ?

ದೊಡ್ಡ ಯೋಜನೆಗಳನ್ನು ಸೂಚಿಸಿ ಸರಕಾರದ ಕಡೆಗೆ ಬೆರಳು ತೋರಿಸಿ ಕೂರುವುದು ಸುಲಭ. ಸಂಗೀತಾಧ್ಯಾಪಕರ ನೇಮಕಕ್ಕಾಗಿ ಮನವಿಗಳನ್ನು ಬರೆಯುತ್ತಿರೋಣ, ಅದನ್ನು ಬಿಡುವುದು ಬೇಡ. ಅಷ್ಟರಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಬಾಯಿತಾಳಕ್ಕೆ ವಾದ್ಯ ಬೇಡ, ಕೋಣೆ ಬೇಡ, ವೇಷಭೂಷಣದ ಖರ್ಚಿಲ್ಲ. ಮಕ್ಕಳ ಬಾಯಿ ಮತ್ತು ಎರಡು ಅಂಗೈ ಸಾಕು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಮದ್ದಳೆಗಾರರು ಹೆಚ್ಚಾಗಿ ಊರಲ್ಲೇ ಇರುತ್ತಾರೆ. ಶಾಲೆ ತೆರೆಯುವುದೂ ಅದೇ ಜೂನ್ ತಿಂಗಳಲ್ಲಿ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಬಿಡುವು ಉದ್ದವಾಗಿರುತ್ತದೆ. ಆ ಹೊತ್ತಿನಲ್ಲಿ ಶಾಲೆಯಲ್ಲೇ ಉಳಿಯುವ ಮಕ್ಕಳಿಗೆ ಅರ್ಧ ಗಂಟೆ, ಹೋಗಿ ಬಂದ ಮಕ್ಕಳಿಗೆ ಕೊನೆಯ ಅವಧಿಯಲ್ಲಿ ಅರ್ಧ ಗಂಟೆ. ಹತ್ತಿರದ ಯಾವುದಾದರೂ ಕ್ಷೇತ್ರದಲ್ಲಿ ಚೆಂಡೆ ಬಾರಿಸುವ ಮಾರಾರರು ಒಪ್ಪಿದರೆ ತಿಂಗಳಿಗೊಮ್ಮೆ ಅವರನ್ನೂ ಕರೆದು ವಾಯ್ತಾರಿ ಹೇಳಿಸಬಹುದು. ಮಲಯಾಳ ವಿಭಾಗದ ಮಕ್ಕಳೂ ಬಂದು ಕೂರಲಿ, ಎರಡು ಲೆಕ್ಕಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರಾಗುತ್ತವೆ ಎಂದು ಮಕ್ಕಳೇ ಕಂಡುಕೊಳ್ಳಲಿ. ಗೌರವಧನ ಮತ್ತು ಬಸ್ಸಿನ ಖರ್ಚನ್ನು ರಕ್ಷಕ ಶಿಕ್ಷಕ ಸಂಘದವರು ವಹಿಸಿಕೊಳ್ಳಬೇಕಾದೀತು. ವಾರ್ಷಿಕೋತ್ಸವದ ಚಪ್ಪರಕ್ಕೆ ಆಗುವ ಖರ್ಚಿನ ಮುಂದೆ ಅದೇನೂ ದೊಡ್ಡದಲ್ಲ. ಬರುವ ಜೂನ್ ತಿಂಗಳ ಸಂಘದ ಮಹಾಸಭೆಯಲ್ಲಿ ಈ ವಿಷಯವನ್ನು ನಾವು ಮಂಡಿಸುವವರಿದ್ದೇವೆ. ಇತರ ಶಾಲೆಗಳ ಅಧ್ಯಾಪಕ ಮಿತ್ರರೂ ತಮ್ಮ ತಮ್ಮಲ್ಲಿ ಮಂಡಿಸಿ, ಒಪ್ಪಿದ ಮದ್ದಳೆಗಾರರ ಹೆಸರನ್ನು ಈ ಪತ್ರಿಕೆಯ ಕಚೇರಿಗೆ ಬರೆದು ತಿಳಿಸಿದರೆ, ಒಬ್ಬರೇ ಎರಡು ಮೂರು ಶಾಲೆಗಳಿಗೆ ಹೋಗಿಬರುವಂತೆ ದಿನಗಳನ್ನು ಹೊಂದಿಸಿಕೊಳ್ಳಬಹುದು.